ಟಿವಿಯಲ್ಲಿ ದುರಂತ, ಒಲೆಯ ಮೇಲೆ ಹಾಲು

ಮಂಗಳೂರು: 2010ರ ಮೇ 22, ಶನಿವಾರ. ಬೆಳಗಿನ 6 ಗಂಟೆ ದಾಟಿ ಕೆಲವೇ ನಿಮಿಷಗಳಾಗಿದ್ದವು. ರಾಜ್ಯದ ಊರೂರುಗಳಲ್ಲಿ ಹಾಲಿನ ಪ್ಯಾಕೆಟ್‌ಗಳು ಮನೆ ಬಾಗಿಲಿಗೆ ಬಂದಿದ್ದವು. ದಿನಪತ್ರಿಕೆಗಳು ರಾತ್ರಿಯೇ ಅಚ್ಚಾಗಿ, ಬಂಡಲುಗಳಾಗಿ ಕಟ್ಟಿಸಿಕೊಂಡು, ಹಂಚುವ ಹುಡುಗರ ಸೈಕಲ್ ಏರಿದ್ದವು. ಆ ಪತ್ರಿಕೆಗಳ ಯಾವ ಪುಟದಲ್ಲಿಯೂ ಇಲ್ಲದ ಸುದ್ದಿಯೊಂದು ಅದೇ ಹೊತ್ತಿಗೆ ಬಜಪೆಯ ಗುಡ್ಡದ ಮೇಲೆ ನಡೆದುಹೋಯಿತು.

ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737-800 ವಿಮಾನವು ರನ್‌ವೇಯಲ್ಲಿ ನಿಲ್ಲಲಾರದೆ, ತುದಿಯಾಚೆಗೆ ನುಗ್ಗಿ, ಕೆಂಜಾರಿನ ಕಮರಿಗೆ ಉರುಳಿ ಹೊತ್ತಿಕೊಂಡಿತು. ವಿಮಾನದಲ್ಲಿದ್ದವರು 166 ಮಂದಿ. ಅವರಲ್ಲಿ 158 ಜನ ಮೃತಪಟ್ಟರು. ಎಂಟು ಮಂದಿ ಮಾತ್ರ ಬದುಕುಳಿದರು.

ಚಹಾದ ಲೋಟ ಹಿಡಿದು ಟಿವಿ ಹಾಕಿದವರು ಆ ದಿನವಿಡೀ ನೋಡಿದ್ದು ಒಂದೇ ದೃಶ್ಯ: ಮರಗಳ ನಡುವಿನಿಂದ ಏಳುತ್ತಿದ್ದ ಹೊಗೆ, ಮುರಿದುಬಿದ್ದ ವಿಮಾನದ ಒಡಲು, ಇಳಿಜಾರಿನಲ್ಲಿ ಓಡಾಡುತ್ತಿದ್ದ ಜನ. ಆದರೆ ಟಿವಿ ಇದ್ದ ಕೋಣೆಯ ಪಕ್ಕದ ಅಡುಗೆಮನೆಯಲ್ಲಿ ಹಾಲು ಉಕ್ಕಲೇಬೇಕಿತ್ತು. ಮಕ್ಕಳಿಗೆ ತಿಂಡಿಯಾಗಬೇಕಿತ್ತು. ಶನಿವಾರವೂ ಕಚೇರಿಯಿದ್ದವರು ಬಸ್ಸು ಹಿಡಿಯಬೇಕಿತ್ತು. ಮದುವೆಯ ಹಂಗಾಮಾದ್ದರಿಂದ ಅನೇಕರಿಗೆ ಹೊರಡಲು ಮುಹೂರ್ತವೊಂದು ಕಾದಿತ್ತು.

ದೊಡ್ಡದೊಂದು ದುರಂತವು ಸುದ್ದಿಯನ್ನೆಲ್ಲ ಆವರಿಸಿಕೊಂಡಾಗ ಉಳಿದವರ ದಿನಚರಿ ಏನಾಗಬೇಕು? ನಗುವುದು ತಪ್ಪೇ? ಹಬ್ಬದ ಅಡುಗೆ ಮಾಡುವುದು ತಪ್ಪೇ? ವಾಹಿನಿಯನ್ನು ಬದಲಿಸಿ ಹಾಡು ಕೇಳಿದರೆ ಅದು ಕ್ರೌರ್ಯವೇ? ಪ್ರತಿ ದುರಂತದ ಬಳಿಕ ಬಹುತೇಕ ಎಲ್ಲ ಮನೆಗಳಲ್ಲಿಯೂ ಮೌನವಾಗಿ ಏಳುವ ಈ ಪ್ರಶ್ನೆಗೆ ಮಂಗಳೂರಿನ ಅನುಭವವು ಸ್ವಲ್ಪ ವಿಚಿತ್ರವಾದ ಉತ್ತರವನ್ನೇ ನೀಡುತ್ತದೆ. ಮೊದಲ ದಿನ ಊಟ ಮಾಡಿದ್ದಕ್ಕೆ ಯಾರೂ ನಾಚಬೇಕಾಗಿಲ್ಲ. ನಾಚಿಕೆಪಡಬೇಕಾದ ದಿನ ಬಹಳ ತಡವಾಗಿ, ಸುದ್ದಿ ತಣ್ಣಗಾದ ಮೇಲೆ ಬರುತ್ತದೆ.

ದುರಂತಕ್ಕೆ ಮೊದಲು ಅದೂ ದಿನಚರಿಯೇ

ದುರಂತ ಬೇರೆ, ದಿನನಿತ್ಯದ ಬದುಕು ಬೇರೆ ಎಂದು ಭಾವಿಸುವುದು ಸಾಮಾನ್ಯ. ವಾಸ್ತವದಲ್ಲಿ ದುರಂತವು ಆಕಾಶದಿಂದ ಇಳಿದು ಬರುವಂಥದ್ದಲ್ಲ. ಅದು ದಿನಚರಿಯ ಒಳಗಿನಿಂದಲೇ ಏಳುತ್ತದೆ.

ದುಬೈ-ಮಂಗಳೂರು ವಿಮಾನವೆಂದರೆ ಕರಾವಳಿಯವರಿಗೆ ರಾತ್ರಿ ಬಸ್ಸಿನಷ್ಟೇ ಪರಿಚಿತ. ದಕ್ಷಿಣ ಕನ್ನಡ, ಉಡುಪಿ ಹಾಗೂ ನೆರೆಯ ಕಾಸರಗೋಡು ಜಿಲ್ಲೆಗಳ ಸಾವಿರಾರು ಕುಟುಂಬಗಳು ಗಲ್ಫ್ ರಾಷ್ಟ್ರಗಳಲ್ಲಿನ ದುಡಿಮೆಯನ್ನು ನೆಚ್ಚಿಕೊಂಡಿವೆ. ರಜೆಗೆ ಬರುವವರು, ಮಕ್ಕಳ ಬೇಸಿಗೆ ರಜೆ ಮುಗಿಯುವ ಮುನ್ನ ಊರು ನೋಡುವವರು, ಮದುವೆಗೆ ಬರುವವರು, ಸಾವಿಗೆ ಬರುವವರು, ಎಲ್ಲರೂ ಹತ್ತುವ ವಿಮಾನವದು. ಆ ಮುಂಜಾನೆಯೂ ನಿಲ್ದಾಣದ ಹೊರಗೆ ವಾಹನ ತಂದು ಕಾದಿದ್ದವರು ಇದ್ದರು. ಅವರ ಪಾಲಿಗೆ 6 ಗಂಟೆಯ ತನಕ ಅದೊಂದು ತೀರ ಸಾಮಾನ್ಯ ದಿನವಾಗಿತ್ತು.

ಹದಿನೈದು ವರ್ಷಗಳ ಬಳಿಕ ಇಂಥದ್ದೇ ಇನ್ನೊಂದು ದಿನ ಬಂತು. 2025ರ ಜೂನ್ 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಮೇಲೇರಿದ ಕೆಲವೇ ಕ್ಷಣಗಳಲ್ಲಿ ವೈದ್ಯಕೀಯ ಕಾಲೇಜೊಂದರ ವಸತಿ ಸಮುಚ್ಚಯದ ಮೇಲೆ ಬಿತ್ತು. ವಿಮಾನದಲ್ಲಿದ್ದ 242 ಜನರಲ್ಲಿ 241 ಮಂದಿ, ನೆಲದ ಮೇಲಿದ್ದ 19 ಮಂದಿ ಅಸುನೀಗಿದರು. ಅಂದು ಹೊರಬಿದ್ದ ಚಿತ್ರಗಳಲ್ಲಿ ಬಹಳ ಜನರ ಮನಸ್ಸಿನಲ್ಲಿ ಉಳಿದದ್ದು ವಿಮಾನದ ಅವಶೇಷ ಮಾತ್ರವಲ್ಲ. ವಿದ್ಯಾರ್ಥಿಗಳ ಊಟದ ಕೋಣೆಯ ಮೇಜಿನ ಮೇಲೆ ಅರ್ಧ ಉಂಡು ಬಿಟ್ಟ ತಟ್ಟೆಗಳೂ ಅದರಲ್ಲಿದ್ದವು.

ಆ ತಟ್ಟೆಗಳು ಏಕೆ ಅಷ್ಟು ಕಲಕಿದವು ಎಂಬುದನ್ನು ಯೋಚಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಸತ್ತವರು ಕಳೆದುಕೊಂಡದ್ದು ಯಾವುದೋ ಮಹತ್ಕಾರ್ಯವನ್ನಲ್ಲ. ಮಧ್ಯಾಹ್ನದ ಊಟವನ್ನು, ಸಂಜೆಯ ಮಾತನ್ನು, ಮರುದಿನದ ತರಗತಿಯನ್ನು. ದಿನಚರಿಯೇ ಕಳೆದುಹೋದ ವಸ್ತು. ಹೀಗಿರುವಾಗ ಉಳಿದವರು ತಮ್ಮ ದಿನಚರಿಯನ್ನು ಕೀಳೆಂದು ಬಗೆಯುವುದು ಸತ್ತವರಿಗೆ ಸಲ್ಲಿಸುವ ಗೌರವವಾಗಲಾರದು.

ಪರದೆಯ ಮುಂದಿನ ಮನಸ್ಸು

ಆದರೂ ಮನಸ್ಸಿಗೆ ಅಪರಾಧಿ ಭಾವ ಕಾಡುವುದು ನಿಜ. ಇದರ ಬಗ್ಗೆ ಎರಡೂವರೆ ಶತಮಾನಗಳಷ್ಟು ಹಿಂದೆಯೇ ಚಿಂತನೆ ನಡೆದಿದೆ. ಸ್ಕಾಟ್ಲೆಂಡಿನ ತತ್ವಜ್ಞಾನಿ, ಅರ್ಥಶಾಸ್ತ್ರದ ಪಿತಾಮಹನೆಂದು ಖ್ಯಾತನಾದ ಆಡಂ ಸ್ಮಿತ್ 1759ರಲ್ಲಿ ಪ್ರಕಟಿಸಿದ ನೀತಿಭಾವನೆಗಳ ಕುರಿತ ಗ್ರಂಥದಲ್ಲಿ ಒಂದು ಕಲ್ಪನೆಯನ್ನು ಮುಂದಿಡುತ್ತಾನೆ. ದೂರದ ಚೀನಾ ದೇಶವನ್ನು ಭೂಕಂಪ ನುಂಗಿತೆಂಬ ಸುದ್ದಿ ಯೂರೋಪಿನ ಒಬ್ಬ ಸಜ್ಜನನಿಗೆ ತಲುಪುತ್ತದೆ. ಆತ ಮರುಗುತ್ತಾನೆ, ಬದುಕಿನ ಅನಿಶ್ಚಿತತೆಯ ಬಗ್ಗೆ ನಾಲ್ಕು ಮಾತನಾಡುತ್ತಾನೆ, ಬಳಿಕ ಎಂದಿನಂತೆ ಮಲಗಿ ನಿದ್ರಿಸುತ್ತಾನೆ. ಅದೇ ಮನುಷ್ಯನಿಗೆ ನಾಳೆ ತನ್ನ ಕಿರುಬೆರಳನ್ನು ಕಳೆದುಕೊಳ್ಳಬೇಕಾಗಿದೆ ಎಂದು ತಿಳಿದರೆ ಮಾತ್ರ ರಾತ್ರಿಯಿಡೀ ನಿದ್ದೆ ಹತ್ತುವುದಿಲ್ಲ.

ಸ್ಮಿತ್ ಇದನ್ನು ಹೇಳಿದ್ದು ಮನುಷ್ಯ ನೀಚನೆಂದು ಸಾರಲು ಅಲ್ಲ. ತನ್ನ ಬೆರಳನ್ನು ಉಳಿಸಿಕೊಳ್ಳಲು ಅಷ್ಟು ಜನರ ಪ್ರಾಣವನ್ನು ಬಲಿಕೊಡಲು ಆ ಮನುಷ್ಯನೇ ಒಪ್ಪಲಾರ ಎಂಬುದನ್ನೂ ಆತ ಎತ್ತಿ ತೋರಿಸುತ್ತಾನೆ. ಭಾವನೆ ಹತ್ತಿರದ್ದನ್ನು ಮಾತ್ರ ಹಿಡಿಯುತ್ತದೆ. ದೂರದ್ದನ್ನು ಕಾಯುವ ಕೆಲಸ ವಿವೇಕದ್ದು. ಇದು ಆತನ ವಾದದ ಸಾರ.

ಆಧುನಿಕ ಮನೋವಿಜ್ಞಾನವೂ ಇದಕ್ಕೆ ಪೂರಕವಾದ ಮಾತನ್ನೇ ಹೇಳುತ್ತದೆ. ಅಮೆರಿಕದ ಮನೋವಿಜ್ಞಾನಿ ಪಾಲ್ ಸ್ಲೋವಿಕ್ ಅವರ ಅಧ್ಯಯನಗಳ ಪ್ರಕಾರ ಸಾವಿನ ಸಂಖ್ಯೆ ಏರಿದಷ್ಟೂ ಮರುಕ ಏರುವುದಿಲ್ಲ. ಒಬ್ಬರ ಮುಖ, ಒಬ್ಬರ ಕಥೆ ತಟ್ಟುವಷ್ಟು ನೂರರ ಲೆಕ್ಕ ತಟ್ಟುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದಾಗ ಇದು ಕಣ್ಣಮುಂದೆಯೇ ನಡೆಯಿತು. ಹೆದ್ದಾರಿ ಬದಿಯಲ್ಲಿ ಚಹಾದ ಅಂಗಡಿ ನಡೆಸುತ್ತಿದ್ದವರು ಸೇರಿದಂತೆ ಹಲವರು ಸತ್ತರು. ಆಚೆ ದಡದ ಉಳುವರೆಯಲ್ಲಿ ನದಿಯ ನೀರು ಮನೆಗಳ ಮೇಲೆ ನುಗ್ಗಿತು. ಆದರೆ ವಾರಗಟ್ಟಲೆ ಕ್ಯಾಮೆರಾಗಳು ನೆಟ್ಟದ್ದು ಬಹುಪಾಲು ಕೇರಳದ ಒಬ್ಬ ಲಾರಿ ಚಾಲಕನ ಶೋಧದ ಮೇಲೆ. ಸೆಪ್ಟೆಂಬರ್ 25ರಂದು ಗಂಗಾವಳಿ ನದಿಯಿಂದ ಲಾರಿಯನ್ನು ಮೇಲೆತ್ತುವವರೆಗೂ ಎರಡು ರಾಜ್ಯಗಳ ಜನ ಆ ಒಬ್ಬನಿಗಾಗಿ ಕಾದರು. ಆ ಕಾಯುವಿಕೆಯಲ್ಲಿ ತಪ್ಪಿರಲಿಲ್ಲ. ಉಳಿದವರಿಗೂ ಅಷ್ಟೇ ಕಾದವರು ಕಡಿಮೆ ಎಂಬುದಷ್ಟೇ ಸತ್ಯ.

ಹಾಗಾದರೆ ಹೆಚ್ಚು ನೋಡಿದರೆ ಹೆಚ್ಚು ಮರುಕ ಹುಟ್ಟೀತೇ? ಇಲ್ಲಿಯೂ ಎಚ್ಚರ ಅಗತ್ಯ. 2013ರ ಏಪ್ರಿಲ್ 15ರಂದು ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಟದ ವೇಳೆ ಬಾಂಬ್ ಸ್ಫೋಟಗಳು ನಡೆದವು. ಆ ಬಳಿಕ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನ ಸಂಶೋಧಕರಾದ ಅಲಿಸನ್ ಹೋಲ್ಮನ್, ಡಾನಾ ರೋಸ್ ಗಾರ್ಫಿನ್ ಮತ್ತು ರಾಕ್ಸೇನ್ ಕೋಹೆನ್ ಸಿಲ್ವರ್ 4,675 ವಯಸ್ಕರನ್ನು ಅಧ್ಯಯನಕ್ಕೊಳಪಡಿಸಿದರು. ಸ್ಫೋಟದ ನಂತರದ ವಾರದಲ್ಲಿ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಅದರ ಸುದ್ದಿಯಲ್ಲಿಯೇ ಮುಳುಗಿದ್ದವರಲ್ಲಿ ತೀವ್ರ ಮಾನಸಿಕ ಒತ್ತಡದ ಲಕ್ಷಣಗಳು ಕಂಡವು. ಸ್ಫೋಟದ ಸ್ಥಳದಲ್ಲಿ ಅಥವಾ ಅದರ ಸಮೀಪದಲ್ಲಿ ಇದ್ದವರಲ್ಲಿ ಕಂಡದ್ದಕ್ಕಿಂತ ಅವು ಅಧಿಕವಾಗಿದ್ದವು! ಸುದ್ದಿಯೇ ಒತ್ತಡಕ್ಕೆ ಕಾರಣವೆಂದು ಇಂಥ ಅಧ್ಯಯನದಿಂದ ಪೂರ್ತಿ ಸಾಬೀತಾಗದು. ಮೊದಲೇ ಕಳವಳಗೊಂಡವರು ಹೆಚ್ಚು ಸುದ್ದಿ ನೋಡಿರಲೂಬಹುದು. ಆದರೂ ದೃಶ್ಯವನ್ನು ಮತ್ತೆ ಮತ್ತೆ ನೋಡುವುದರಿಂದ ನೋಡುಗರ ನೆಮ್ಮದಿ ಕೆಡುವ ಸಾಧ್ಯತೆಯಿದೆ ಎಂಬ ಎಚ್ಚರಿಕೆ ಅದರಲ್ಲಿದೆ. ನೊಂದವರಿಗಂತೂ ಅದರಿಂದ ಎಳ್ಳಷ್ಟೂ ಪ್ರಯೋಜನವಿಲ್ಲ.

2010ರ ಹೊತ್ತಿಗೆ ಕನ್ನಡದಲ್ಲಿ ದಿನದ 24 ಗಂಟೆಯೂ ಸುದ್ದಿ ಬಿತ್ತರಿಸುವ ವಾಹಿನಿಗಳು ಬಂದು ಕೆಲವೇ ವರ್ಷಗಳಾಗಿದ್ದವು. ಹೊಸ ಮಾಹಿತಿ ಗಂಟೆಗೊಮ್ಮೆ ಬಂದರೆ ಹೆಚ್ಚು. ಆದರೆ ಪರದೆ ಖಾಲಿ ಬಿಡುವಂತಿಲ್ಲ. ಆದ್ದರಿಂದ ಅದೇ ಹೊಗೆ, ಅದೇ ಕಮರಿ ಸುತ್ತಿ ಸುತ್ತಿ ಬರುತ್ತದೆ. ಈಗ ಪರದೆ ಅಂಗೈಗೆ ಇಳಿದಿದೆ. ಊಟದ ತಟ್ಟೆಯ ಪಕ್ಕದಲ್ಲಿಯೇ ಮೊಬೈಲ್ ಕುಳಿತಿರುತ್ತದೆ. ದುರಂತವನ್ನು ನೋಡುವುದೇ ಒಂದು ಕರ್ತವ್ಯ, ನೋಡದಿರುವುದು ಹೃದಯಹೀನತೆ ಎಂಬ ಭಾವನೆ ಇದರಿಂದ ಬಲವಾಗುತ್ತದೆ.

ಸೂತಕಕ್ಕೂ ಲೆಕ್ಕವಿತ್ತು

ಸಾವಿನ ಎದುರು ದಿನಚರಿಯನ್ನು ಎಷ್ಟು ನಿಲ್ಲಿಸಬೇಕು, ಯಾವಾಗ ಮತ್ತೆ ಆರಂಭಿಸಬೇಕು ಎಂಬುದಕ್ಕೆ ನಮ್ಮ ಸಮಾಜದಲ್ಲಿ ಹಿಂದಿನಿಂದಲೂ ಕಟ್ಟಳೆಗಳಿವೆ. ಕೇರಿಯಲ್ಲಿ ಸಾವಾದರೆ ಹೆಣ ಎತ್ತುವ ತನಕ ಅಕ್ಕಪಕ್ಕದ ಮನೆಗಳಲ್ಲಿ ಒಲೆ ಹೊತ್ತಿಸದ ರೂಢಿ ಹಲವೆಡೆ ಇತ್ತು. ಬಳಿಕ ಅದೇ ಮನೆಗಳಿಂದ ಸಾವಿನ ಮನೆಗೆ ಅನ್ನ ಹೋಗುತ್ತಿತ್ತು. ಸೂತಕ ಇಂತಿಷ್ಟು ದಿನ, ಉತ್ತರಕ್ರಿಯೆ ಇಂಥ ದಿನ ಎಂಬ ಲೆಕ್ಕವಿತ್ತು. ತುಳುನಾಡಿನಲ್ಲಿ ‘ಬೊಜ್ಜ’ದ ಊಟ ಮುಗಿದರೆ ಮನೆಮಂದಿ ಮತ್ತೆ ಗದ್ದೆಗೆ ಇಳಿಯಬಹುದೆಂದು ಊರೇ ಅನುಮತಿ ಕೊಟ್ಟಂತೆ. ಮುಸ್ಲಿಮರಲ್ಲಿ ಬಂಧುಗಳ ಶೋಕಾಚರಣೆಗೆ ಮೂರು ದಿನಗಳ ಮಿತಿಯಿದೆ, ಗಂಡನನ್ನು ಕಳೆದುಕೊಂಡವಳಿಗೆ ಮಾತ್ರ ದೀರ್ಘ ಅವಧಿ. ಕ್ರೈಸ್ತರಲ್ಲಿ ಏಳನೆಯ ದಿನದ, ತಿಂಗಳ ಪ್ರಾರ್ಥನೆಗಳಿವೆ.

ಈ ಎಲ್ಲ ಕಟ್ಟಳೆಗಳಲ್ಲಿ ಎರಡು ಸಮಾನ ಅಂಶಗಳನ್ನು ಗಮನಿಸಬಹುದು. ಮೊದಲನೆಯದು, ಶೋಕಕ್ಕೆ ಮಿತಿಯಿದೆ. ಎರಡನೆಯದು, ಶೋಕದ ಜತೆಗೆ ಕೆಲಸವಿದೆ. ಒಬ್ಬರು ಸೌದೆ ತರುತ್ತಾರೆ, ಒಬ್ಬರು ಗುಂಡಿ ತೋಡುತ್ತಾರೆ, ಒಬ್ಬರು ಅಡುಗೆ ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ಸಾವಿನ ಮನೆಯ ದನಕರುಗಳಿಗೆ ಹುಲ್ಲು ಹಾಕುತ್ತಾರೆ. ಸುಮ್ಮನೆ ನಿಂತು ನೋಡುವವರಿಗೆ ಅಲ್ಲಿ ಜಾಗವಿಲ್ಲ.

ಟಿವಿಯ ಶೋಕದಲ್ಲಿ ಇವೆರಡೂ ಇಲ್ಲ. ನೋಡುವುದಕ್ಕೆ ಮಿತಿಯಿಲ್ಲ, ಮಾಡುವುದಕ್ಕೆ ಕೆಲಸವಿಲ್ಲ. ಅಪರಾಧಿ ಭಾವ ಹುಟ್ಟುವುದು ಬಹುಶಃ ಇದೇ ಸಂದಿಯಲ್ಲಿ.

ಅಂದು ಕೆಲಸ ನಿಲ್ಲಿಸದವರು

ದುರಂತದ ದಿನ ಎಲ್ಲರೂ ದಿನಚರಿ ನಿಲ್ಲಿಸಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಮಂಗಳೂರು ತೋರಿಸಿಕೊಟ್ಟಿದೆ. ಕಮರಿಗೆ ಮೊದಲು ಧಾವಿಸಿದವರಲ್ಲಿ ಕೆಂಜಾರು ಸುತ್ತಮುತ್ತಲಿನ ನಿವಾಸಿಗಳಿದ್ದರು. ಅಗ್ನಿಶಾಮಕ ಸಿಬ್ಬಂದಿ, ಪೊಲೀಸರು, ಆಂಬುಲೆನ್ಸ್ ಚಾಲಕರಿಗೆ ಅದು ಭೀಕರವಾದ ದಿನ. ಆದರೆ ಅವರು ಅಂದು ಮಾಡಿದ್ದು ತಮ್ಮ ನಿತ್ಯದ ಕೆಲಸವನ್ನೇ. ವೆನ್‌ಲಾಕ್ ಆಸ್ಪತ್ರೆಯಲ್ಲಿ ಮೃತದೇಹಗಳ ಮರಣೋತ್ತರ ಪರೀಕ್ಷೆ ನಡೆಸಿದ ವೈದ್ಯರು, ಅವುಗಳಿಗೆ ಸಂಖ್ಯೆ ಅಂಟಿಸಿ ಸಾಲಾಗಿ ಇರಿಸಿದ ಸಿಬ್ಬಂದಿಗೂ ಈ ಮಾತು ಅನ್ವಯಿಸುತ್ತದೆ.

ಸುಟ್ಟು ಗುರುತು ಸಿಗದ ದೇಹಗಳ ಡಿಎನ್‌ಎ ಮಾದರಿಗಳು ಹೈದರಾಬಾದಿನ ಪ್ರಯೋಗಾಲಯಕ್ಕೆ ಹೋದವು. ಅಲ್ಲಿ ಯಾರೋ ಮೇಜಿನ ಮುಂದೆ ಕುಳಿತು ಒಂದೊಂದೇ ಮಾದರಿಯನ್ನು ಕುಟುಂಬದವರ ರಕ್ತದೊಂದಿಗೆ ತಾಳೆ ನೋಡಿದರು. ಅಂಥ ಕೆಲಸಕ್ಕೆ ಕಣ್ಣೀರಿಗಿಂತ ಏಕಾಗ್ರತೆ ಬೇಕು, ಹೊತ್ತಿಗೆ ಸರಿಯಾಗಿ ಊಟ ನಿದ್ದೆಯೂ ಬೇಕು. ಕೊನೆಗೂ ಗುರುತು ಹತ್ತದೆ ಉಳಿದ 12 ದೇಹಗಳನ್ನು ಕೂಳೂರು ಬಳಿ ನದಿತೀರದಲ್ಲಿ ಒಟ್ಟಿಗೆ ಮಣ್ಣುಮಾಡಲಾಯಿತು. ಆ ಮಣ್ಣನ್ನು ಅಗೆದವರೂ ಸಂಜೆ ಮನೆಗೆ ಹೋಗಿ ಮಕ್ಕಳ ಜತೆ ಉಂಡಿರಬೇಕು.

ಹಾಲು ಹಂಚುವವನು, ಬಸ್ಸಿನ ನಿರ್ವಾಹಕ, ಮೆಸ್ಕಾಂನ ಲೈನ್‌ಮ್ಯಾನ್ ಕೂಡ ಈ ಸಾಲಿಗೆ ಸೇರಿದವರೇ. ದುಃಖಿಸುವ ಮನೆಯಲ್ಲಿಯೂ ದೀಪ ಉರಿಯಬೇಕು, ನಲ್ಲಿಯಲ್ಲಿ ನೀರು ಬರಬೇಕು, ಬಂದ ನೆಂಟರಿಗೆ ಚಹಾ ಸಿಗಬೇಕು. ಉಳಿದವರ ದಿನಚರಿಯೇ ನೊಂದವರನ್ನು ಕೆಲವು ದಿನ ಹೊತ್ತು ನಿಲ್ಲುತ್ತದೆ.

ಮುಂದುವರಿಯುವುದು ಯಾವಾಗ ತಪ್ಪು?

ಇದರರ್ಥ ಏನು ನಡೆದರೂ ನಮ್ಮ ಪಾಡಿಗೆ ನಾವಿರಬಹುದು ಎಂದಲ್ಲ. ದಿನಚರಿ ಮುಂದುವರಿಯುವುದಕ್ಕೂ ಸಂಭ್ರಮ ಮುಂದುವರಿಯುವುದಕ್ಕೂ ವ್ಯತ್ಯಾಸವಿದೆ. ಈ ಗೆರೆ ಎಲ್ಲಿದೆ ಎಂಬುದನ್ನು ಬೆಂಗಳೂರು ಇತ್ತೀಚೆಗೆ ಕಂಡಿದೆ.

2025ರ ಜೂನ್ 4ರಂದು ಐಪಿಎಲ್ ಗೆದ್ದ ಬೆಂಗಳೂರು ತಂಡದ ವಿಜಯೋತ್ಸವಕ್ಕಾಗಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಜನಸಾಗರ ನೆರೆದಿತ್ತು. ಪ್ರವೇಶದ್ವಾರಗಳ ಬಳಿ ಉಂಟಾದ ಕಾಲ್ತುಳಿತದಲ್ಲಿ 11 ಮಂದಿ ಮೃತಪಟ್ಟರು. ಸಾವಿನ ಸುದ್ದಿ ಹರಡತೊಡಗಿದ ಮೇಲೆಯೂ ಕ್ರೀಡಾಂಗಣದ ಒಳಗೆ ಸಂಭ್ರಮದ ಕಾರ್ಯಕ್ರಮ ನಡೆಯಿತು. ಅದಕ್ಕೆ ರಾಜ್ಯದಾದ್ಯಂತ ವ್ಯಕ್ತವಾದ ಆಕ್ರೋಶ ಸಹಜವಾದುದೇ. ಗೇಟಿನ ಹೊರಗೆ ಜನ ಸಾಯುತ್ತಿರುವಾಗ ಗೇಟಿನ ಒಳಗೆ ಚಪ್ಪಾಳೆ ಮೊಳಗುವುದನ್ನು ಯಾವ ಕಟ್ಟಳೆಯೂ ಒಪ್ಪದು.

ಅದೇ ಸಂಜೆ ಹುಬ್ಬಳ್ಳಿಯ ಮನೆಯೊಂದರಲ್ಲಿ ಮಗುವಿನ ಹುಟ್ಟುಹಬ್ಬ ನಡೆದಿದ್ದರೆ ಅದನ್ನು ಯಾರೂ ಆಕ್ಷೇಪಿಸುತ್ತಿರಲಿಲ್ಲ. ವ್ಯತ್ಯಾಸವಿರುವುದು ಮೂರು ಪ್ರಶ್ನೆಗಳಲ್ಲಿ. ಸಾವಿನ ಸ್ಥಳಕ್ಕೆ ನಾವೆಷ್ಟು ಸಮೀಪದಲ್ಲಿದ್ದೇವೆ? ನಡೆದುದರಲ್ಲಿ ನಮ್ಮ ಹೊಣೆ ಎಷ್ಟಿದೆ? ನಾವು ಕೈಯಲ್ಲಿರುವುದನ್ನು ಬಿಟ್ಟರೆ ಯಾರಿಗಾದರೂ ನೆರವಾಗುತ್ತದೆಯೇ? ಮೂರಕ್ಕೂ ಉತ್ತರ ‘ಇಲ್ಲ’ ಎಂದಾದರೆ ಮಗುವಿನ ಕೇಕು ಕತ್ತರಿಸಬಹುದು. ಒಂದಕ್ಕೆ ‘ಹೌದು’ ಎಂದಾದರೂ ಚಪ್ಪಾಳೆ ನಿಲ್ಲಿಸಬೇಕು.

ಸುದ್ದಿ ಹೋದ ಮೇಲೆ ಉಳಿದದ್ದು

ಈಗ ಮಂಗಳೂರಿನ ಕಥೆಯ ಎರಡನೆಯ ಭಾಗ. ಇದು ಟಿವಿಯಲ್ಲಿ ಕಡಿಮೆ ಬಂದ ಭಾಗ.

ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1972ರಲ್ಲಿ ಸಾರ್ವಜನಿಕ ಗಮನದ ಏರಿಳಿತವನ್ನು ವಿವರಿಸುತ್ತ, ಅದು ಐದು ಹಂತಗಳಲ್ಲಿ ಸಾಗುತ್ತದೆ ಎಂದಿದ್ದರು. ಸಮಸ್ಯೆ ಮೊದಲಿನಿಂದಲೂ ಇರುತ್ತದೆ, ಯಾರೂ ಗಮನಿಸುವುದಿಲ್ಲ. ಯಾವುದೋ ಘಟನೆಯಿಂದ ಎಲ್ಲರೂ ಬೆಚ್ಚಿ, ತಕ್ಷಣ ಸರಿಪಡಿಸೋಣ ಎನ್ನುತ್ತಾರೆ. ಬಳಿಕ ಸರಿಪಡಿಸಲು ತಗಲುವ ವೆಚ್ಚ, ಶ್ರಮ ಅರಿವಾಗುತ್ತದೆ. ಆಸಕ್ತಿ ಮೆಲ್ಲನೆ ಕುಗ್ಗುತ್ತದೆ. ಕೊನೆಗೆ ಮತ್ತೊಂದು ವಿಷಯ ಆ ಜಾಗವನ್ನು ಆಕ್ರಮಿಸುತ್ತದೆ. ಸಮಸ್ಯೆ ಮಾತ್ರ ಇದ್ದಲ್ಲಿಯೇ ಇರುತ್ತದೆ.

ಬಜಪೆ ದುರಂತದ ತನಿಖೆಗೆ ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖಾ ನ್ಯಾಯಾಲಯವನ್ನು ರಚಿಸಲಾಗಿತ್ತು. ಅದರ ವರದಿ ಹೇಳುವ ಸಂಗತಿಗಳು ಬೆಚ್ಚಿಬೀಳಿಸುವಂತಿವೆ. ಕ್ಯಾಪ್ಟನ್ ಪ್ರಯಾಣದ ವೇಳೆ ಒಂದೂವರೆ ಗಂಟೆಗೂ ಹೆಚ್ಚು ಕಾಲ ನಿದ್ರಿಸಿದ್ದರು. ಇಳಿಯುವ ಹಂತದಲ್ಲಿ ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಇಳಿಯುವುದು ಬೇಡ, ಮತ್ತೆ ಮೇಲಕ್ಕೆ ಹೋಗೋಣ ಎಂದು ಸಹ ಪೈಲಟ್ ಮೂರು ಬಾರಿ ಸೂಚಿಸಿದ್ದರು. ವಿಮಾನದ ಯಂತ್ರಗಳೂ ಎಚ್ಚರಿಕೆ ನೀಡಿದ್ದವು. ಆದರೂ ವಿಮಾನವನ್ನು ಇಳಿಸಲಾಯಿತು. 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರಗಳು ನೆಲ ಮುಟ್ಟಿದವು. ಉಳಿದ ದೂರ ಸಾಲಲಿಲ್ಲ. ನಿಲ್ದಾಣದ ರೇಡಾರ್ ಆ ದಿನಗಳಲ್ಲಿ ಸ್ಥಗಿತಗೊಂಡಿದ್ದುದೂ ವಿಮಾನ ತಡವಾಗಿ ಕೆಳಗಿಳಿಯಲಾರಂಭಿಸಲು ಕಾರಣವಾಗಿತ್ತು.

ಇವು ನಿದ್ದೆ, ಹಟ, ಮೇಲಧಿಕಾರಿಯ ಮಾತಿಗೆ ಎದುರಾಡಲಾರದ ಸಂಕೋಚ, ದುರಸ್ತಿಯಾಗದ ಯಂತ್ರದಂಥ ತೀರ ನಿತ್ಯದ ದೋಷಗಳು. ಅವುಗಳಿಗೆ ಪರಿಹಾರವೂ ನಿತ್ಯದ ಕೆಲಸದಲ್ಲಿಯೇ ಇದೆ: ಪಾಳಿಯ ಪಟ್ಟಿ, ತರಬೇತಿ, ತಪಾಸಣೆ, ಶಿಸ್ತು. ಆದರೆ ಇವು ಯಾವುವೂ ಟಿವಿಯಲ್ಲಿ ತೋರಿಸುವಂಥ ದೃಶ್ಯಗಳಲ್ಲ.

ಹತ್ತು ವರ್ಷಗಳ ಬಳಿಕ, 2020ರ ಆಗಸ್ಟ್ 7ರ ಸಂಜೆ, ಕೇರಳದ ಕೋಯಿಕ್ಕೋಡ್ ನಿಲ್ದಾಣದಲ್ಲಿ ಮಳೆ ಸುರಿಯುತ್ತಿತ್ತು. ಕೋವಿಡ್ ಕಾಲದಲ್ಲಿ ಗಲ್ಫ್‌ನಲ್ಲಿ ಸಿಲುಕಿದ್ದವರನ್ನು ಕರೆತರುತ್ತಿದ್ದ ವಿಮಾನ ಅದು. ಅದೇ ಸಂಸ್ಥೆ, ಅದೇ ಬೋಯಿಂಗ್ 737-800, ಅದೇ ದುಬೈಯಿಂದ ಹೊರಟದ್ದು, ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ಅದೇ ಬಗೆಯ ರನ್‌ವೇ. ವಿಮಾನ ರನ್‌ವೇಯ ಸುಮಾರು ಅರ್ಧ ದಾಟಿ ನೆಲ ಮುಟ್ಟಿ, ತುದಿಯಿಂದ ಕೆಳಗುರುಳಿ ತುಂಡಾಯಿತು. 190 ಜನರಲ್ಲಿ 21 ಮಂದಿ ಸತ್ತರು. ಇಳಿಯುವುದು ಬೇಡವೆಂದು ಸಹ ಪೈಲಟ್ ಸೂಚಿಸಿದರೂ ಅಸ್ಥಿರ ಸ್ಥಿತಿಯಲ್ಲಿಯೇ ವಿಮಾನವನ್ನು ಇಳಿಸಿದ್ದು ದುರಂತಕ್ಕೆ ಸಂಭಾವ್ಯ ಕಾರಣವೆಂದು ತನಿಖಾ ವರದಿ ಹೇಳಿತು. ಬಜಪೆಯ ವರದಿಯನ್ನು ಓದಿದವರಿಗೆ ಇದು ಹಳೆಯ ಪಾಠದ ಮರುಮುದ್ರಣದಂತೆ ತೋರಿದರೆ ಅಚ್ಚರಿಯಿಲ್ಲ.

ಪರಿಹಾರದ ಕಥೆಯೂ ಇದೇ ದಾರಿಯದ್ದು. ಅಂತಾರಾಷ್ಟ್ರೀಯ ವಿಮಾನಯಾನದಲ್ಲಿ ಸಾವು ಸಂಭವಿಸಿದರೆ ನೀಡಬೇಕಾದ ಪರಿಹಾರವನ್ನು ಮಾಂಟ್ರಿಯಲ್ ಒಡಂಬಡಿಕೆ ನಿಗದಿಪಡಿಸುತ್ತದೆ. ಭಾರತ ಅದಕ್ಕೆ ಸೇರಿದ್ದು ದುರಂತಕ್ಕೆ ಸ್ವಲ್ಪ ಮೊದಲು, 2009ರಲ್ಲಿ. ಪ್ರತಿ ಕುಟುಂಬಕ್ಕೂ ಕನಿಷ್ಠ 75 ಲಕ್ಷ ರೂಪಾಯಿ ಸಲ್ಲಬೇಕೆಂದು ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ 2011ರಲ್ಲಿ ತೀರ್ಪಿತ್ತಿತು. ವಿಭಾಗೀಯ ಪೀಠ ಅದನ್ನು ಒಪ್ಪಲಿಲ್ಲ. ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಮೃತರಲ್ಲಿ ಒಬ್ಬರ ಕುಟುಂಬಕ್ಕೆ 7.64 ಕೋಟಿ ರೂಪಾಯಿ ನೀಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2020ರ ಮೇ ತಿಂಗಳಲ್ಲಿ. ಅಂದರೆ ದುರಂತಕ್ಕೆ ಹತ್ತು ವರ್ಷ ತುಂಬುವ ಹೊತ್ತಿಗೆ!

ಈ ಹತ್ತು ವರ್ಷಗಳಲ್ಲಿ ವಕೀಲರ ಕಚೇರಿಗೆ ಅಲೆದವರು, ಆದಾಯದ ದಾಖಲೆಗಳನ್ನು ಒಟ್ಟುಮಾಡಿದವರು, ವಾಯಿದೆಯಿಂದ ವಾಯಿದೆಗೆ ಕಾದವರು ಮೊದಲ ದಿನ ಇಡೀ ನಾಡು ಯಾರಿಗಾಗಿ ಕಣ್ಣೀರಿಟ್ಟಿತೋ ಅವರ ಮನೆಯವರೇ. ಅವರ ಪಾಲಿಗೆ ದುರಂತವೇ ದಿನಚರಿಯಾಯಿತು. ಆದರೆ ಆ ದಿನಚರಿಯ ಮುಂದೆ ಕ್ಯಾಮೆರಾ ಇರಲಿಲ್ಲ.

ಓದುಗ ಏನು ಮಾಡಬಹುದು?

ಹಾಗಾದರೆ ಮುಂದಿನ ಸಲ ಪರದೆಯ ಮೇಲೆ ಹೊಗೆ ಕಂಡಾಗ ಸಾಮಾನ್ಯ ಓದುಗ ಮಾಡಬಹುದಾದದ್ದು ಏನು? ಮೇಲಿನ ಸಂಗತಿಗಳಿಂದ ಕೆಲವು ಸರಳ ಸೂತ್ರಗಳನ್ನು ಹೊರತೆಗೆಯಬಹುದು.

ಸುದ್ದಿಯನ್ನು ತಿಳಿಯಬೇಕು, ಆದರೆ ಅದರಲ್ಲಿ ಮುಳುಗಬೇಕಾಗಿಲ್ಲ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ನೋಡಿದರೆ ತಿಳಿಯಬೇಕಾದುದೆಲ್ಲ ತಿಳಿಯುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಒಂದೇ ದೃಶ್ಯ ಹತ್ತಾರು ಬಾರಿ ಸುತ್ತುವಾಗ ಟಿವಿ ಆರಿಸುವುದು ಒಳಿತು. ಅದು ಅದೇ ದೃಶ್ಯವೆಂದು ಮಗುವಿಗೆ ಹೊಳೆಯದೆ, ವಿಮಾನಗಳು ಮತ್ತೆ ಮತ್ತೆ ಬೀಳುತ್ತಿವೆ ಎಂದೇ ಭಾಸವಾಗಬಹುದು.

ಮೃತದೇಹಗಳ, ಗಾಯಾಳುಗಳ ಚಿತ್ರ ಮೊಬೈಲಿಗೆ ಬಂದರೆ ಅದು ಅಲ್ಲಿಯೇ ನಿಲ್ಲಲಿ. ಮಗನ ಸಾವಿನ ಸುದ್ದಿಯನ್ನು ವಾಟ್ಸ್ಆ್ಯಪ್ ಚಿತ್ರದ ಮೂಲಕ ತಿಳಿಯುವ ದುರ್ಗತಿ ಯಾವ ತಾಯಿಗೂ ಬರಬಾರದು.

ಕೈಯಲ್ಲಿ ಆಗುವ ಕೆಲಸವಿದ್ದರೆ ಅದನ್ನು ಮಾಡಬೇಕು. ರಕ್ತ ಬೇಕೆಂದು ಆಸ್ಪತ್ರೆ ಕೇಳಿದರೆ ಕೊಡುವುದು, ಅಧಿಕೃತ ಪರಿಹಾರ ನಿಧಿಗೆ ಸಾಧ್ಯವಾದುದನ್ನು ಕಳುಹಿಸುವುದು, ಪಕ್ಕದ ಬೀದಿಯಲ್ಲಿಯೇ ನೊಂದ ಮನೆಯಿದ್ದರೆ ಹೋಗಿ ಒಂದು ಹೊತ್ತಿನ ಅಡುಗೆ ಕೊಟ್ಟು ಬರುವುದು. ಆಗದ ಕೆಲಸಕ್ಕಾಗಿ, ಸ್ಥಳಕ್ಕೆ ಹೋಗಿ ನೋಡಿಬರುವುದಕ್ಕಾಗಿ ರಸ್ತೆ ತುಂಬಿದರೆ ಆಂಬುಲೆನ್ಸಿಗೆ ದಾರಿ ತಪ್ಪುತ್ತದೆ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾಗಿ, ಕ್ಯಾಲೆಂಡರಿನಲ್ಲಿ ಒಂದು ಗುರುತು. ಆರು ತಿಂಗಳ ಬಳಿಕ ತನಿಖಾ ವರದಿ ಬಂತೇ? ಒಂದು ವರ್ಷದ ಬಳಿಕ ಅದರ ಶಿಫಾರಸುಗಳು ಜಾರಿಯಾದವೇ? ಪರಿಹಾರ ಸಂದಿತೇ? ತಮ್ಮ ಶಾಸಕರನ್ನು, ಸಂಸದರನ್ನು, ತಾವು ಓದುವ ಪತ್ರಿಕೆಯನ್ನು ಓದುಗರು ಈ ಪ್ರಶ್ನೆ ಕೇಳಿದರೆ ಮಾತ್ರ ಅದಕ್ಕೆ ಉತ್ತರ ಹುಡುಕುವ ಗೋಜಿಗೆ ಯಾರಾದರೂ ಹೋದಾರು. ಸುದ್ದಿಮನೆಗಳೂ ಈ ಆರೋಪದಿಂದ ಹೊರತಲ್ಲ. ಮೊದಲ ದಿನ ಹತ್ತು ವರದಿಗಾರರನ್ನು ಕಳುಹಿಸುವ ಸಂಸ್ಥೆ ಮೊದಲ ವರ್ಷಾಂತ್ಯಕ್ಕೆ ಒಬ್ಬನನ್ನಾದರೂ ಕಳುಹಿಸುತ್ತದೆಯೇ ಎಂಬುದು ಕೇಳಬೇಕಾದ ಪ್ರಶ್ನೆಯೇ.

ಕೂಳೂರು-ತಣ್ಣೀರುಬಾವಿ ರಸ್ತೆಯ ಬದಿಯಲ್ಲಿ, ಆ 12 ಮಂದಿ ಮಲಗಿರುವಲ್ಲಿ, ಈಗ ಸ್ಮಾರಕ ಉದ್ಯಾನವಿದೆ. ಮೇ 22ರಂದು ಅಲ್ಲಿ ಪುಷ್ಪನಮನ ಸಲ್ಲಿಸಲಾಗುತ್ತದೆ. ಉಳಿದ ದಿನಗಳಲ್ಲಿ ಅದರ ಮುಂದಿನಿಂದ ಲಾರಿಗಳು ಹೋಗುತ್ತವೆ, ಪಾಳಿ ಮುಗಿಸಿದ ಕಾರ್ಮಿಕರು ಬೈಕಿನಲ್ಲಿ ಮನೆಗೆ ಮರಳುತ್ತಾರೆ, ಕಡಲತೀರಕ್ಕೆ ಹೊರಟ ಮಕ್ಕಳು ಕಾರಿನ ಕಿಟಕಿಯಿಂದ ಕೈ ಬೀಸುತ್ತಾರೆ. ಅವರಾರೂ ತಪ್ಪು ಮಾಡುತ್ತಿಲ್ಲ. ಅಲ್ಲಿ ಮಲಗಿರುವವರೂ ಆ ಮುಂಜಾನೆ ಹೀಗೆಯೇ ಮನೆ ಸೇರಲು ಹೊರಟಿದ್ದವರು. ಆದರೆ ವರ್ಷದಲ್ಲಿ ಒಂದು ದಿನವಾದರೂ ವಾಹನ ನಿಲ್ಲಿಸಿ, ಇಳಿದು, ‘ಅಂದು ಹೇಳಿದ ಮಾತುಗಳು ಏನಾದವು?’ ಎಂದು ಕೇಳುವವರು ಹೆಚ್ಚಬೇಕಾಗಿದೆ.